ಮರಿಯವ್ವ ಆಡದ ಮಾತು

ಮರಿಯವ್ವನ ಬಾಯಿ ಎಡಕ್ಕೆ ಎಳೆದುಕೊಂಡಾಗ ಸೊಸೆ ನೀಲಾ ನಕ್ಕಳು.

ನಗದೆ ಏನು ಮಾಡುತ್ತಾಳೆ? ಮುಖ ಸೊಟ್ಟ ಮಾಡಿ ಊರವರನ್ನು ಅಣಕಿಸುವುದು ಮರಿಯವ್ವನಿಗೆ ದಿನದ ಆಟ. ಎಲೆ-ಅಡಿಕೆ ತುಂಬಿಕೊಂಡು ಮಾತಾಡುವ ಬೀಗಿತ್ತಿಯನ್ನು, ಮೈಕ್ ಸಿಕ್ಕರೆ ಬಿಡದ ಪುಢಾರಿಯನ್ನು ಆಕೆ ಹಾಗೇ ಬಾಯಿ ತಿರುಚಿ ತೋರಿಸುತ್ತಿದ್ದಳು. ಅದನ್ನು ನೋಡಲೆಂದೇ ಹತ್ತಿರ ಹತ್ತಿರ ಐದು ಲಕ್ಷ ಜನ 'ಮರಿಯವ್ವನ ಕಟ್ಟಿ' ಎಂಬ ಅವರ ಪೇಜನ್ನು ಫಾಲೋ ಮಾಡುತ್ತಿದ್ದರು. ಆ ಮುಂಜಾನೆ ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ ಒಂದು ಮಸಾಲೆ ಕಂಪನಿಯ ಜಾಹೀರಾತಿನ ಚಿತ್ರೀಕರಣ ನಡೆದಿತ್ತು. ಮರಿಯವ್ವ ಖಾರದ ಪುಡಿಯ ಪ್ಯಾಕೆಟ್ ಹಿಡಿದು, "ಇನ್ನ ಮನ್ಯಾಗ ಕುಟ್ಟೂದು ಬ್ಯಾಡ್ರವ್ವಾ, ಇದನ್ನ ತಗೋರಿ" ಎನ್ನಬೇಕಿತ್ತು. ಅಷ್ಟನ್ನು ಹೇಳಲಿಕ್ಕೆ ಆಕೆ ಮುಂಜಾನೆಯಿಂದ ತಕರಾರು ತೆಗೆದಿದ್ದಳು.

"ಮೂವತ್ತು ವರ್ಷ ಮೆಣಸಿನಕಾಯಿ ಬಿಡಿಸಿದಾಕಿ ನಾ. ಕುಟ್ಟಬ್ಯಾಡ ಅಂತ ಹ್ಯಾಂಗ ಹೇಳ್ಲಿ? ನಾಲಿಗಿ ಹೊಳ್ಳಂಗಿಲ್ಲ ನಂಗ."

"ಒಂದ ಸಲ ಹೇಳಿಬಿಡ್ರಿ ಅತ್ತಿ. ಬಿಸಲು ಸರಿಯಾಕತ್ತೈತಿ."

ಆಮೇಲೆ ಬಾಯಿ ಸೊಟ್ಟಗಾಯಿತು. ಮಾತು ತೊದಲಿತು. "ಇನ್ನ ಮನ್ಯಾಗ... ತಗೋ... ತಗೋ..." ಕೈಯಿಂದ ಪ್ಯಾಕೆಟ್ ಜಾರಿತು. ಹೇಳಬಾರದೆಂದು ಅತ್ತೆ ಆಟ ಹೂಡಿದ್ದಾಳೆ ಎಂದುಕೊಂಡ ನೀಲಾ ಪ್ಯಾಕೆಟ್ ಎತ್ತಿ ಮತ್ತೆ ಆಕೆಯ ಬಲಗೈಗೆ ಇಟ್ಟಳು. ಅದು ಮತ್ತೆ ಬಿತ್ತು. ಮತ್ತೆ ಇಟ್ಟಳು. "ನಗಸಬ್ಯಾಡ್ರಿ ಅತ್ತಿ, ಇವತ್ತ ಕಳಸಬೇಕು ಇದನ್ನ" ಎಂದು ಸಿಟ್ಟೂ ಮಾಡಿದಳು. ನಾಲ್ಕನೇ ಸಲ ಆ ಕೈಯನ್ನು ಹಿಡಿದಾಗ ಅದರಲ್ಲಿ ಏನೂ ಬಲವಿರಲಿಲ್ಲ. ಮರಿಯವ್ವನ ಕಣ್ಣು ಮಾತ್ರ ಗಾಬರಿಯಿಂದ ಅವಳನ್ನೇ ನೋಡುತ್ತಿತ್ತು.

ಮೊಸರು ತರಲು ಹೋಗಿದ್ದ ಗಂಡ ಮಾಂತೇಶ ಬಂದವನೇ ತಾಯಿಯನ್ನು ಎತ್ತಿಕೊಂಡು ಓಡಿದ. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ಮಾಡಿಸಿ, ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಶುರುವಾದದ್ದು ಎಷ್ಟು ಗಂಟೆಗೆ ಎಂದು ಕೇಳಿದರು. ಮಾಂತೇಶ ಹೆಂಡತಿಯ ಮುಖ ನೋಡಿದ. ನೀಲಾ ಫೋನಿನಲ್ಲಿ ಆ ಮುಂಜಾನೆಯ ಚಿತ್ರೀಕರಣದ ವಿಡಿಯೋ ತೆಗೆದು ನೋಡಿ ಹೇಳಿದಳು.

"ಒಂಬತ್ತೂ ನಲವತ್ತೆರಡಕ್ಕರಿ."

ಆ ವಿಡಿಯೋ ನಿಂತದ್ದು ಒಂಬತ್ತೂ ಐವತ್ತಮೂರಕ್ಕೆ. ಹನ್ನೊಂದು ನಿಮಿಷ ಅವಳು ಅತ್ತೆಯ ಕೈಗೆ ಪ್ಯಾಕೆಟ್ ಹಿಡಿಸುತ್ತ ನಿಂತಿದ್ದಳು. ಮಾಂತೇಶ ಔಷಧಿ ತರಲು ಹೋದಾಗ ಡಾಕ್ಟರನ್ನು ಒಬ್ಬಳೇ ಕಂಡು, "ಹನ್ನೊಂದ ನಿಮಿಷ ಮೊದಲ ಬಂದಿದ್ರ ಮಾತು ಉಳೀತಿತ್ತೇನ್ರಿ?" ಎಂದು ಕೇಳಿದಳು. ಡಾಕ್ಟರು, "ಹಂಗ ಹೇಳಾಕ ಬರಂಗಿಲ್ಲಮ್ಮ" ಎಂದರು. ಉಳಿಯುತ್ತಿರಲಿಲ್ಲ ಎಂದು ಅವರು ಹೇಳಿದ್ದರೆ ಸಾಕಿತ್ತು. ಅವರು ಹಾಗೆ ಹೇಳಲಿಲ್ಲ. ನೀಲಾ ಆ ವಿಡಿಯೋವನ್ನು ಯಾರಿಗೂ ತೋರಿಸಲಿಲ್ಲ, ಅಳಿಸಿಯೂ ಹಾಕಲಿಲ್ಲ.

ಮದುವೆಯಾಗಿ ಬಂದ ಹೊಸದರಿಂದಲೂ ನೀಲಾ ಅತ್ತೆಯ ಜೊತೆ ಮೆಣಸಿನಕಾಯಿ ಪೇಟೆಗೆ ಹೋಗುತ್ತಿದ್ದಳು. ರಾಶಿಯ ಮುಂದೆ ಕುಳಿತು ಕಾಯಿಯ ತೊಟ್ಟು ಮುರಿಯುವ ಕೆಲಸ. ಅಲ್ಲಿನ ಹೆಂಗಸರು ಅದನ್ನು ತುಂಬು ಬಿಡಿಸುವುದು ಎನ್ನುತ್ತಾರೆ. ಮರಿಯವ್ವನ ಒಂದು ಪಕ್ಕಕ್ಕೆ ಸೊಸೆ, ಇನ್ನೊಂದು ಪಕ್ಕಕ್ಕೆ ಮೂವತ್ತು ವರ್ಷದಿಂದ ಗೆಳತಿಯಾದ ಜೈತೂನಬಿ. ಘಾಟು ತಡೆಯಲು ಬಾಯಿಗೆ ಸೆರಗು ಕಟ್ಟಿಕೊಂಡರೂ ಮರಿಯವ್ವನ ಮಾತು ನಿಲ್ಲುತ್ತಿರಲಿಲ್ಲ. ಬೀಗರ ಮನೆಯ ಹೋಳಿಗೆ ಎಷ್ಟು ತೆಳ್ಳಗಿತ್ತೆಂದರೆ ಅದನ್ನು ಎತ್ತಿ ಹಿಡಿದರೆ ಆಚೆ ಕುಳಿತ ಬೀಗರ ಮೀಸೆ ಎಣಿಸಬಹುದಿತ್ತು ಎಂದು ಆಕೆ ಹೇಳಿದ್ದನ್ನು ಮೂರು ವರ್ಷದ ಹಿಂದೆ ಒಂದು ದಿನ ನೀಲಾ ಸುಮ್ಮನೆ ಫೋನಿನಲ್ಲಿ ಹಿಡಿದು ಹಾಕಿದಳು. ಎರಡು ದಿನದಲ್ಲಿ ಅದನ್ನು ಹತ್ತು ಲಕ್ಷ ಜನ ನೋಡಿದರು.

ಅಲ್ಲಿಂದ ಬದುಕಿನ ದಿಕ್ಕೇ ಬೇರೆಯಾಯಿತು. ರಾಣೆಬೆನ್ನೂರಿನ ಸೀರೆ ಅಂಗಡಿ, ಹಾವೇರಿಯ ಮೊಬೈಲ್ ಅಂಗಡಿ ಎಂದು ಉದ್ಘಾಟನೆಗೆ ಕರೆ ಬಂದವು. ಮರಿಯವ್ವನನ್ನು ಕುರ್ಚಿಯಲ್ಲಿ ಕೂಡಿಸಿ ಜನ ಕಾಲಿಗೆ ಬಿದ್ದು ಸೆಲ್ಫಿ ತೆಗೆದುಕೊಂಡರು. ಕಾಯಿ ದಲಾಲಿಯ ಅಡತಿ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ ಮಾಂತೇಶ ಆ ಕೆಲಸ ಬಿಟ್ಟು ಲೈಟು, ಎಡಿಟಿಂಗು ನೋಡಿಕೊಳ್ಳತೊಡಗಿದ. ಆದರೆ ಈ ಕೆಲಸಕ್ಕೆ ಸೂಟಿ ಇರಲಿಲ್ಲ. ಪೇಟೆಯಲ್ಲಿ ಕಾಯಿ ಮುಗಿದರೆ ಮನೆಗೆ ಹೋಗಬಹುದಿತ್ತು. ಇಲ್ಲಿ ದಿನಕ್ಕೊಂದು ವಿಡಿಯೋ ಹಾಕಲೇಬೇಕು. ಒಂದು ದಿನ ತಪ್ಪಿದರೆ ಮರುದಿನ ನೋಡುವವರು ಅರ್ಧಕ್ಕೆ ಇಳಿಯುತ್ತಿದ್ದರು. ತನ್ನ ತಂದೆ ತೀರಿಕೊಂಡ ದಿನವೂ ನೀಲಾ ಹೆಣದ ಪಕ್ಕದಿಂದ ಎದ್ದು ಹೋಗಿ, ಮೊದಲೇ ಮಾಡಿಟ್ಟಿದ್ದ ನಗೆಯ ವಿಡಿಯೋ ಒಂದನ್ನು ಹಾಕಿ ಬಂದಿದ್ದಳು. ಮೂರನೇ ವರ್ಷಕ್ಕೆ ಮರಿಯವ್ವನಿಗೂ ಸಾಕಾಗಿತ್ತು.

"ಮಾತು ತಾನ ಬರಬೇಕವ್ವ. ನೀ ಬೇಕಂದಾಗ ತಿರುವಿ ಬಿಡಾಕ ಅದೇನು ನಳದ ನೀರ?" ಎನ್ನುತ್ತಿದ್ದಳು. ಆದರೂ ಸೊಸೆ ಫೋನ್ ಎತ್ತಿದರೆ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದಳು.

ಈಗ ಆಸ್ಪತ್ರೆಯಿಂದ ಮನೆಗೆ ಬಂದ ಮರಿಯವ್ವನಿಗೆ ಒಂದೇ ಶಬ್ದ ಉಳಿದಿತ್ತು. ನೀರು ಬೇಕಾದರೂ "ತಗೋ", ಕಾಲು ನೋವಾದರೂ "ತಗೋ", ಮಗನನ್ನು ಕರೆಯಲಿಕ್ಕೂ "ತಗೋ". ಮನಸ್ಸಿನಲ್ಲಿ ಬೇರೆ ಮಾತಿದೆ ಎಂಬುದು ಆಕೆಯ ಮುಖದಲ್ಲಿ ಕಾಣುತ್ತಿತ್ತು. ಬಾಯಿ ತೆರೆದರೆ ಅದೇ ಶಬ್ದ ಬಂದು, ತಾನಾಡಿದ್ದನ್ನು ಕೇಳಿ ತಾನೇ ಬೆಚ್ಚಿ, ಎಡಗೈಯಿಂದ ಹಾಸಿಗೆಗೆ ಗುದ್ದುತ್ತಿದ್ದಳು.

ನೀಲಾ ಈ ಸುದ್ದಿಯನ್ನು ಮುಚ್ಚಿಟ್ಟಳು. ಓಣಿಯವರಿಗೆ, ಡಾಕ್ಟರು ಯಾರನ್ನೂ ಬಿಡಬೇಡಿ ಅಂದಿದ್ದಾರೆ ಎಂದಳು. ಜೈತೂನಬಿ ಎರಡು ಸಲ ಬಂದು ಬಾಗಿಲಿನಿಂದಲೇ ತಿರುಗಿ ಹೋದಳು. ಪೇಜಿನಲ್ಲಿ ನೀಲಾ ಈವರೆಗೆ ಹಾಕದೆ ಉಳಿದಿದ್ದ ಹಳೆಯ ತುಣುಕುಗಳನ್ನು ದಿನಕ್ಕೊಂದರಂತೆ ಹಾಕುತ್ತ ಬಂದಳು. ಹದಿನೇಳು ಇದ್ದವು. "ಇದು ಹಳೇದಲ್ಲ?", "ಅವ್ವ ಎಲ್ಲಿ?", "ಅವ್ವಗ ಊಟ ಹಾಕ್ತೀಯೋ ಇಲ್ಲೋ?" ಎಂದು ಜನ ಕೇಳತೊಡಗಿದರು. ನೀಲಾ ಒಬ್ಬಳೇ ಕುಳಿತು ಮಾಡಿದ ಅಡುಗೆಯ ವಿಡಿಯೋವನ್ನು ನೋಡಿದವರು ಮೂರು ಸಾವಿರ ಜನ. "ನಿನ್ನನ್ನ ನೋಡಾಕ ಯಾರು ಬಂದಾರ?" ಎಂದು ಯಾರೋ ಬರೆದಿದ್ದರು. ಆ ಮಾತು ಸುಳ್ಳಲ್ಲವೆಂದು ನೀಲಾಗೂ ಗೊತ್ತಿತ್ತು. ಮಾತಾಡುತ್ತಿದ್ದವಳು ಅತ್ತೆ; ತಾನು ಫೋನ್ ಹಿಡಿದವಳು ಅಷ್ಟೇ. ಇಡೀ ಮನೆ ಉಣ್ಣುತ್ತಿದ್ದುದು ಆ ಮಾತಿನ ಮೇಲೆ. ವಾರಕ್ಕೆರಡು ಸಲ ರಾಣೆಬೆನ್ನೂರಿನಿಂದ ಬಂದು ಮರಿಯವ್ವನ ಕೈಕಾಲಿಗೆ ವ್ಯಾಯಾಮ ಮಾಡಿಸುವವರ ಫೀಸೂ ಅದರಿಂದಲೇ ಬರಬೇಕಿತ್ತು.

ಹದಿನೇಳನೆಯದು ಹಾಕಿದ ದಿನ ಹುಬ್ಬಳ್ಳಿಯಿಂದ ಶಶಿಕಾಂತನ ಫೋನ್ ಬಂತು. ಕಂಪನಿಗಳ ಜಾಹೀರಾತನ್ನು ಇಂಥ ಪೇಜುಗಳಿಗೆ ಕೊಡಿಸುವ ಏಜೆಂಟ್ ಅವನು.

"ಮೇಡಂ, ಮಸಾಲಿ ಕಂಪನಿಯವ್ರು ದಿನಾ ಕೇಳಾಕತ್ತಾರ. ಇನ್ನ ನಾಲ್ಕು ವಿಡಿಯೋ ಬಾಕಿ ಅದಾವು. ಕೊಡದಿದ್ರ ಮುಂದ ಯಾವ ಕಂಪನಿನೂ ನಿಮ್ಮ ಕಡೆ ಹೊಳ್ಳಿ ನೋಡಂಗಿಲ್ಲ."

ನೀಲಾ ತಡೆಯಲಾರದೆ ಹೇಳಿಬಿಟ್ಟಳು. "ಅತ್ತಿಗೆ ಪಾರ್ಶ್ವವಾಯು ಆಗೈತ್ರಿ. ಮಾತು ಹೋಗೈತಿ."

ಶಶಿಕಾಂತ "ಅಯ್ಯ ಪಾಪ" ಎಂದ. ಅದು ಖರೇ ಮರುಕವೇ ಆಗಿತ್ತು. ಆಮೇಲೆ ಕೇಳಿದ: "ಅವ್ರ ಹಳೇ ವಿಡಿಯೋ ಎಷ್ಟ ಅದಾವ್ರಿ ನಿಮ್ಮ ಕಡೆ?"

"ಸಾವಿರದ ಮ್ಯಾಲ ಆಗಿರಬೇಕು."

"ಹಂಗಾದ್ರ ದನಿ ಎಲ್ಲೂ ಹೋಗಿಲ್ಲ ಬಿಡ್ರಿ. ಅವನ್ನ ಕಳಸ್ರಿ, ಎಐ ಕಲತ್ಕೋತೈತಿ. ನೀವು ಏನ ಬರದು ಕೊಡ್ತೀರಿ, ಅದನ್ನ ಅವ್ರ ದನಿಯಾಗ ಹೇಳ್ತೈತಿ. ಮುಖ ಒಂದೀಟು ಓರೆಯಾಗಿ ತೋರ್ಸ್ರಿ, ಸಾಕು."

ಮಾಂತೇಶ ಇದನ್ನು ಕೇಳಿ ತಲೆ ಅಲ್ಲಾಡಿಸಿದ. "ಬ್ಯಾಡ ನೀಲಾ. ಅವ್ವನ ದನಿ ಅದು. ನಮ್ಮ ಸಾಮಾನಲ್ಲ."

"ಹಂಗಾದ್ರ ನೀವ ಹೇಳ್ರಿ, ನಾಳೆ ಏನ ಹಾಕ್ಲಿ?"

ಅವನು ಎದ್ದು ಅವ್ವನ ಹಾಸಿಗೆಯ ಕಡೆ ಹೋದ.

ಮೊದಲನೆಯದನ್ನು ಬರೆಯಲು ಕುಳಿತಾಗ ನೀಲಾಗೆ ಒಂದು ಗೊತ್ತಾಯಿತು. ಎಂಟು ವರ್ಷ ಅತ್ತೆಯ ಪಕ್ಕದಲ್ಲಿ ಇದ್ದರೂ ಅವಳಿಗೆ ಅತ್ತೆಯ ಮಾತು ಬರುತ್ತಿರಲಿಲ್ಲ. ಬರೆದದ್ದೆಲ್ಲ ತನ್ನದೇ ಮಾತಿನಂತೆ, ಇನ್ಯಾರೋ ಹೇಳಿಕೊಟ್ಟಂತೆ ಕೇಳುತ್ತಿತ್ತು. ನಾಲ್ಕು ಹಾಳೆ ಹರಿದಳು. ಕಡೆಗೆ ಹಳೆಯ ವಿಡಿಯೋಗಳಿಂದ ಒಂದಿಷ್ಟು ಬೈಗುಳ ಹೆಕ್ಕಿ, ನಡುವೆ ಕಂಪನಿಯವರು ಕೊಟ್ಟ ಸಾಲು ಸೇರಿಸಿದಳು: ಇನ್ನ ಮನ್ಯಾಗ ಕುಟ್ಟೂದು ಬ್ಯಾಡ್ರವ್ವಾ.

ಚಿತ್ರೀಕರಣದ ದಿನ ಮರಿಯವ್ವನಿಗೆ ಎರೆದು, ಹಸಿರು ಇಳಕಲ್ ಸೀರೆ ಉಡಿಸಿ, ಕಿಟಕಿಯ ಬಳಿ ಎಡಗೆನ್ನೆ ಮಾತ್ರ ಕಾಣುವಂತೆ ಕೂಡಿಸಿದಳು. ಸೊಟ್ಟಗಿದ್ದ ಬಾಯಿಯ ಮೇಲೆ ಸೆರಗಿನ ನೆರಳು ಬೀಳುವಂತೆ ನೋಡಿಕೊಂಡಳು. ಎಲ್ಲೋ ಅಂಗಡಿ ಉದ್ಘಾಟನೆಗೆ ಹೊರಟಿದ್ದೇವೆ ಎಂದುಕೊಂಡಳೋ ಏನೋ, ಮರಿಯವ್ವ ಎಷ್ಟೋ ದಿನದ ಮೇಲೆ ನಕ್ಕಳು. ಎಡಗೈಯಿಂದ ಕುಂಕುಮದ ಭರಣಿ ತೋರಿಸಿ "ತಗೋ, ತಗೋ" ಎಂದಳು. ನೀಲಾ ಕುಂಕುಮ ಹಚ್ಚಿದಳು. ಬೊಟ್ಟು ಸೊಟ್ಟಗಾಯಿತು. ಒರೆಸಿ ಮತ್ತೆ ಹಚ್ಚಿದಳು.

ಮರುದಿನ ಶಶಿಕಾಂತ ಧ್ವನಿ ಕಳಿಸಿದ. ನೀಲಾ ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿ ಅದನ್ನು ಫೋನಿನಲ್ಲಿ ಹಚ್ಚಿದಳು. ಅದೇ ಒರಟು ದನಿ, ಮಾತಿನ ನಡುವೆ ಉಸಿರೆಳೆಯುವ ಅದೇ ಸಪ್ಪಳ. ಮಾಂತೇಶ ಎರಡು ಸಾಲು ಕೇಳಿ ಎದ್ದು ಹೊರಗೆ ಹೋದ. ನೀಲಾ ಪೂರ್ತಿ ಕೇಳಿದಳು, ಮತ್ತೆ ಕೇಳಿದಳು, ಆಮೇಲೆ ವಿಡಿಯೋಗೆ ಸೇರಿಸಿ ಹಾಕಿದಳು.

ಸಂಜೆಯೊಳಗೆ ಏಳು ಲಕ್ಷ ಜನ ನೋಡಿದರು. "ಅವ್ವ ಬಂದ್ಲು!" "ದೃಷ್ಟಿ ತಗೀರಿ ಅವ್ವಗ." "ನಮ್ಮವ್ವ ತೀರಿಕೊಂಡ ಮ್ಯಾಲ ಈ ಅವ್ವನ ದನಿನ ನಂಗ ಆಸರ." ಕೊನೆಯದನ್ನು ಬರೆದವಳು ಗುತ್ತಲದ ಒಬ್ಬ ಹುಡುಗಿ. ಅದನ್ನು ಓದಿ ನೀಲಾ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಸಮಾಧಾನಕ್ಕೆ ಅತ್ತಳೋ, ಅಂಜಿಕೆಗೆ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಅದೇ ವಾರ ಇನ್ನೆರಡು ಹಾಕಿದಳು. ಒಂದರಲ್ಲಿ ಮರಿಯವ್ವ ಓದುವ ಹುಡುಗರಿಗೆ ಬುದ್ಧಿ ಹೇಳಿದಳು. ಇನ್ನೊಂದರಲ್ಲಿ ಸೊಸೆಯನ್ನು ಹೊಗಳಿದಳು. ಖರೇ ಮರಿಯವ್ವ ಎಂದೂ ಸೊಸೆಯನ್ನು ಎದುರಿಗೆ ಹೊಗಳಿದವಳಲ್ಲ.

ಮರುವಾರ ಒಂದು ಮಧ್ಯಾಹ್ನ ನೀಲಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪಡಸಾಲೆಯಿಂದ ಅತ್ತೆಯ ಮಾತು ಕೇಳಿಸಿತು. ದೊಡ್ಡ ದನಿ, ಬೈಗುಳ, ನಗು. ನೀಲಾಗೆ ಒಂದು ಗಳಿಗೆ ಏನೂ ನೆನಪಾಗಲಿಲ್ಲ. ಅತ್ತೆಗೆ ಮಾತು ಬಂತು ಎಂದಷ್ಟೇ ಅನಿಸಿತು. ಸೋಪಿನ ಕೈಯಲ್ಲೇ ಒಳಗೆ ಓಡಿದಳು.

ಹಾಸಿಗೆಯ ಪಕ್ಕದಲ್ಲಿ ಜೈತೂನಬಿ ಕುಳಿತಿದ್ದಳು. ಬಾಗಿಲು ತೆರೆದದ್ದು ಕಂಡು ಒಳಗೆ ಬಂದಿದ್ದಳು. ಅವಳ ಕೈಯಲ್ಲಿ ಮೊಮ್ಮಗಳ ಫೋನು, ಅದರಲ್ಲಿ ಆ ಮೊದಲನೇ ವಿಡಿಯೋ.

"ಆರಾಮಾಗಿ ಮಾತಾಡಾಕತ್ತಿ, ಊರೆಲ್ಲ ನೋಡೈತಿ, ನಂಗ ಮಾತ್ರ ಹೇಳಿಲ್ಲ ನೋಡ ನೀನು" ಎಂದು ಜೈತೂನಬಿ ಗೆಳತಿಯನ್ನು ಪ್ರೀತಿಯಿಂದ ಬೈಯುತ್ತಿದ್ದಳು. ಅಷ್ಟರಲ್ಲಿ ಮರಿಯವ್ವನ ಮುಖ ನೋಡಿ ಅವಳ ನಗು ನಿಂತಿತು.

ಮರಿಯವ್ವ ಫೋನನ್ನು ಕಸಿದುಕೊಂಡಿದ್ದಳು. ಅದು ಮಾತಾಡುತ್ತಿತ್ತು. ಆಕೆ ಎಡಗೈಯಿಂದ ತನ್ನ ಗಂಟಲು ಮುಟ್ಟಿಕೊಂಡಳು, ಫೋನ್ ಮುಟ್ಟಿದಳು, ಮತ್ತೆ ಗಂಟಲು ಮುಟ್ಟಿಕೊಂಡಳು. ವಿಡಿಯೋ ಮುಗಿದು ಮತ್ತೆ ತಾನಾಗಿ ಶುರುವಾಯಿತು. ಫೋನಿನ ಮಾತಿನ ಜೊತೆಗೇ ಆಡಲು ಬಾಯಿ ತೆರೆದಳು. "ತಗೋ. ತಗೋ. ತಗೋ." ಕತ್ತಿನ ನರ ಉಬ್ಬಿದವು. ಆಮೇಲೆ ಆಕೆ ಬಾಗಿಲಲ್ಲಿ ನಿಂತ ಸೊಸೆಯನ್ನು ನೋಡಿದಳು. ಕಳ್ಳ ಮನೆಯೊಳಗೇ ಇದ್ದಾನೆಂದು ತಿಳಿದವರು ನೋಡುವ ಹಾಗೆ ನೋಡಿದಳು.

ಜೈತೂನಬಿಗೆ ಎಲ್ಲ ತಿಳಿಯಲು ಹೊತ್ತು ಹಿಡಿಯಲಿಲ್ಲ. "ಇದನ್ನ ಕೇಳಿದಾಗನ ಏನೋ ಬ್ಯಾರೆ ಅನಿಸಿತ್ತು ನಂಗ" ಎಂದಳು. "ಕುಟ್ಟೂದು ಬ್ಯಾಡ ಅಂತ ಈಕಿ ಅನ್ನಾಕಿ ಅಲ್ಲ. ಈಕಿ ಬಾಯಾಗಿಂದ ಬಂದಿದ್ದಲ್ಲ ಅದು. ಯಾಕ ಹಿಂಗ ಮಾಡಿದಿ ನೀಲವ್ವ?"

"ಹೊಟ್ಟಿಪಾಡು, ಚಿಗವ್ವ."

"ಹೊಟ್ಟಿ ಎಲ್ಲಾರಿಗೂ ಐತಿ" ಎಂದು ಜೈತೂನಬಿ ಫೋನ್ ಆರಿಸಿದಳು.

ಅಂದಿನಿಂದ ಮರಿಯವ್ವ ಸೊಸೆಯ ಕೈಯ ಊಟ ಬಿಟ್ಟಳು. ತುತ್ತು ಬಾಯಿಯ ಬಳಿ ಹೋದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ವ್ಯಾಯಾಮದವರಿಗೂ ಕೈ ಕೊಡಲಿಲ್ಲ. ಮಗ ಕುಡಿಸಿದ ಗಂಜಿಯಲ್ಲಿ ಅರ್ಧ ಸೆರಗಿನ ಪಾಲಾಯಿತು. ಇತ್ತ ಶಶಿಕಾಂತ ಉಳಿದ ವಿಡಿಯೋಗಳಿಗೆ ಗಡುವು ಕೊಟ್ಟು ಮೆಸೇಜ್ ಹಾಕುತ್ತಲೇ ಇದ್ದ. ಮೂರನೇ ದಿನ ನೀಲಾ ತಟ್ಟೆ ಬದಿಗಿಟ್ಟು ಹಾಸಿಗೆಯ ಪಕ್ಕದಲ್ಲಿ ನೆಲಕ್ಕೆ ಕುಳಿತಳು.

"ಅತ್ತಿ, ನನ್ನ ಕಡೆ ನೋಡಬ್ಯಾಡ್ರಿ, ಆದ್ರ ಕೇಳ್ರಿ. ಅವತ್ತು ನಿಮ್ಮ ಬಾಯಿ ಸೊಟ್ಟಾದಾಗ ನಾ ನಕ್ಕೆ. ಹನ್ನೊಂದು ನಿಮಿಷ ನಿಮ್ಮ ಕೈಯಾಗ ಪಾಕೀಟು ಇಟ್ಟಗೋತ ನಿಂತೆ. ನೀವು ಆಟ ಆಡಾಕತ್ತೀರಿ ಅಂದ್ಕೊಂಡೆ. ಮತ್ತ ನಿಮ್ಮ ದನಿ ತಗೊಂಡೆ. ನಂಗ ಬೈರಿ. ಬೈಯಾಕ ಬರದಿದ್ರ ಹೊಡೀರಿ. ಉಣ್ಣೂದು ಮಾತ್ರ ಬಿಡಬ್ಯಾಡ್ರಿ."

ಬಾಗಿಲಲ್ಲಿ ಮಾಂತೇಶ ನಿಂತಿದ್ದ. ಹನ್ನೊಂದು ನಿಮಿಷದ ಸಂಗತಿ ಅವನು ಕೇಳಿದ್ದು ಅದೇ ಮೊದಲು. ಕಾಲಲ್ಲಿ ಚಪ್ಪಲಿಯೂ ಇಲ್ಲದೆ ರೈಲು ಸ್ಟೇಷನ್ ಕಡೆ ನಡೆದುಹೋದ. ಮರಿಯವ್ವ ಗೋಡೆಯಿಂದ ಮುಖ ತಿರುಗಿಸಲಿಲ್ಲ.

ದಾರಿ ಕಾಣದೆ ನೀಲಾ ಜೈತೂನಬಿಯ ಮನೆಗೆ ಹೋದಳು. "ಆಕಿ ಉಣವಲ್ಲಳು, ಚಿಗವ್ವ. ಸತ್ತ ಹೋಗ್ತಾಳ." ಜೈತೂನಬಿ ಮನೆಯಲ್ಲಿ ಬಿಡಿಸಲು ತಂದಿದ್ದ ಮೆಣಸಿನಕಾಯಿಯ ಚೀಲದಿಂದ ಒಂದು ಪುಟ್ಟಿ ತುಂಬಿಕೊಂಡು ಹೊರಟಳು.

ಮರಿಯವ್ವನನ್ನು ಎಬ್ಬಿಸಿ ಗೋಡೆಗೆ ಆನಿಸಿ ಕೂಡಿಸಿದಳು. ಮೊಸರನ್ನ ಕಲಸಿ ತಿನಿಸಿದಳು. ಮರಿಯವ್ವ ತಿಂದಳು. ಆಮೇಲೆ ಜೈತೂನಬಿ ಕಾಯಿಯನ್ನು ಇಬ್ಬರ ನಡುವೆ ಸುರುವಿ ತನ್ನ ಪಾಡಿಗೆ ತೊಟ್ಟು ಮುರಿಯತೊಡಗಿದಳು. ಪೇಟೆಯ ಸುದ್ದಿ ಹೇಳಿದಳು. ಸ್ವಲ್ಪ ಹೊತ್ತಿಗೆ ಮರಿಯವ್ವನ ಎಡಗೈ ಹೊರಬಂದು ಒಂದು ಕಾಯಿ ಎತ್ತಿತು. ಬಲಗೈ ಹಿಡಿಯುವಂತಿರಲಿಲ್ಲ, ಕಾಯಿಯನ್ನು ತೊಡೆಗೆ ಒತ್ತಿ ಹೆಬ್ಬೆರಳಿನಿಂದ ತೊಟ್ಟು ಮುರಿದಳು. ಇನ್ನೊಂದು ಎತ್ತಿದಳು. ಅಂದಿನಿಂದ ಜೈತೂನಬಿ ದಿನಾ ಬಂದಳು. ನೀಲಾ ಅಡುಗೆಮನೆಯಲ್ಲೇ ಉಳಿದಳು.

ಐದನೇ ದಿನ ಜೈತೂನಬಿ ಕೆಲಸದ ನಡುವೆ ಹಾಡು ಎತ್ತಿದಳು. ರಾಶಿಯ ಮುಂದೆ ಹೆಂಗಸರು ಬ್ಯಾಸರ ಕಳೆಯಲು ತಾವೇ ಕಟ್ಟಿಕೊಂಡಿದ್ದ ಹಾಡು ಅದು.

"ಕೆಂಪ ಕಾಯಿ ಬಂತವ್ವ ಗಾಡಿ ತುಂಬಿ, ಕೈಯೆಲ್ಲ ಉರದಾವ ತಂಗಿ..."

ಎರಡನೇ ಸಾಲಿಗೆ ಇನ್ನೊಂದು ದನಿ ಸೇರಿತು. ಅಡುಗೆಮನೆಯಲ್ಲಿ ನೀಲಾ ಒಲೆ ಆರಿಸಿದಳು. "ಉರದಾವ ತಂಗಿ, ಊದ ಬಾರ ತಂಗಿ..." ದನಿ ಒಡೆದಿತ್ತು, ಅಕ್ಷರ ಜಾರುತ್ತಿದ್ದವು, ಆದರೆ ಅವು ಶಬ್ದಗಳು. ತಗೋ ಅಲ್ಲ. ಮಾತು ಹೋದವರಿಗೆ ಕೆಲವು ಸಲ ಹಾಡು ಉಳಿದಿರುತ್ತದೆ ಎಂದು ಡಾಕ್ಟರು ಆಸ್ಪತ್ರೆಯಲ್ಲಿ ಹೇಳಿದ್ದರು. ಆ ದಿನದ ಗಾಬರಿಯಲ್ಲಿ ನೀಲಾ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅವಳು ಬಾಗಿಲಿಗೆ ಬಂದಳು. ಮರಿಯವ್ವ ಕಣ್ಣು ಮುಚ್ಚಿ ಹಾಡುತ್ತಿದ್ದಳು, ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ಜೈತೂನಬಿ ದನಿ ತಗ್ಗಿಸಿ ಆಕೆಗೆ ದಾರಿ ಬಿಟ್ಟಿದ್ದಳು. ಕಿಟಕಿಯ ಬಿಸಿಲು ಕೆಂಪು ಕಾಯಿಯ ಮೇಲೆ ಬಿದ್ದು ಆ ಬೆಳಕು ಇಬ್ಬರ ಮುಖಕ್ಕೂ ಹತ್ತಿತ್ತು.

ನೀಲಾ ಏನೂ ಯೋಚಿಸಲಿಲ್ಲ. ಮುಂದೆ ಎಷ್ಟೋ ಸಲ ತನಗೆ ತಾನೇ ಹಾಗೆ ಹೇಳಿಕೊಂಡಳು. ಮೂರು ವರ್ಷ ದಿನವೂ ಮಾಡಿದ ಕೆಲಸವನ್ನು ಕೈ ತಾನಾಗಿ ಮಾಡಿತು. ಫೋನ್ ಎದೆಯ ಮಟ್ಟಕ್ಕೆ ಎದ್ದಿತ್ತು, ಕೆಂಪು ಗುಂಡಿ ಒತ್ತಿಯಾಗಿತ್ತು.

ಮರಿಯವ್ವ ಕಣ್ಣು ತೆರೆದಳು. ಹಾಡು ಅರ್ಧಕ್ಕೇ ನಿಂತಿತು.

ನೀಲಾ ಫೋನನ್ನು ಬೆನ್ನ ಹಿಂದೆ ಸರಿಸಿದಳು. ತಡವಾಗಿತ್ತು. ಮರಿಯವ್ವ ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಹಾಕಿ, ಮೆಲ್ಲಗೆ ಹಾಸಿಗೆಗೆ ಒರಗಿ, ಗೋಡೆಯ ಕಡೆ ತಿರುಗಿದಳು. "ಹೊರಗ ಹೋಗವ್ವ" ಎಂದಳು ಜೈತೂನಬಿ. ಆ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ನೀಲಾ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಬಾವಿ ಹತ್ತಿರವಿದ್ದಿದ್ದರೆ ಬಿದ್ದುಬಿಡುತ್ತಿದ್ದೆನೇನೋ ಎಂದು ಅನಿಸಿತು. ಹಾಗೆ ಅನಿಸಿದ್ದಕ್ಕೇ ಹೆದರಿ ಕಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮಾಂತೇಶ ಬಂದು ನೋಡಿ ಪಕ್ಕದಲ್ಲಿ ಕುಳಿತ. ಹನ್ನೊಂದು ನಿಮಿಷದ ಸಂಗತಿ ತಿಳಿದ ಮೇಲೆ ಅವನು ಅವಳ ಹತ್ತಿರ ಕುಳಿತದ್ದು ಅಂದೇ.

"ಎಲ್ಲಾ ತಗದಬಿಡೋಣು" ಎಂದಳು.

"ತಗದರ ಮುಂದೇನು?"

"ಗೊತ್ತಿಲ್ರಿ."

ಸಂಜೆ ಅವಳು ಆ ಮೂರೂ ವಿಡಿಯೋ ಅಳಿಸಿದಳು. ಹಾಡಿನ ತುಣುಕನ್ನೂ, ಆ ಹನ್ನೊಂದು ನಿಮಿಷವನ್ನೂ ಅಳಿಸಿದಳು. ಆಮೇಲೆ ತಲೆ ಕೂಡ ಬಾಚದೆ ಕುಳಿತು ಎರಡು ನಿಮಿಷದ ಒಂದು ವಿಡಿಯೋ ಮಾಡಿದಳು. "ಅತ್ತಿಗೆ ಮಾತು ಹೋಗೈತಿ. ನೀವು ಕೇಳಿದ್ದು ಆಕಿ ಆಡಿದ್ದಲ್ಲ, ನಾ ಬರದು ಮಷೀನಿನ ಕಡೆಯಿಂದ ಆಡಿಸಿದ್ದು. ತಪ್ಪು ನಂದು. ಇನ್ನ ಮ್ಯಾಲ ಆಕಿನ್ನ ತೋರ್ಸಂಗಿಲ್ಲ." ಅಷ್ಟು ಹೇಳಿ ಹಾಕಿದಳು.

ಅದನ್ನು ನೋಡಿದಷ್ಟು ಜನ ಅವಳ ಇನ್ಯಾವ ವಿಡಿಯೋವನ್ನೂ ನೋಡಿರಲಿಲ್ಲ. ಅವಳಿಗೆ ಬಂದ ಬೈಗುಳಕ್ಕೆ ಲೆಕ್ಕವಿರಲಿಲ್ಲ. ಇದೂ ನಾಟಕ ಎಂದವರಿದ್ದರು. ಮುದುಕಿಯನ್ನು ಕೊಂದೇಬಿಟ್ಟಿದ್ದಾಳೆ, ಪೊಲೀಸರು ನೋಡಲಿ ಎಂದವರೂ ಇದ್ದರು. ಗುತ್ತಲದ ಹುಡುಗಿ, "ನಾ ದಿನಾ ಅದನ್ನ ಕೇಳಿ ಮಲಗ್ತಿದ್ದೆ" ಎಂದು ಒಂದೇ ಸಾಲು ಬರೆದಿದ್ದಳು. ನೀಲಾ ಅವಳಿಗೊಬ್ಬಳಿಗೆ ಉತ್ತರ ಬರೆಯಲು ಹೋಗಿ, ಏನು ಬರೆಯಬೇಕೋ ತಿಳಿಯದೆ ಬಿಟ್ಟಳು. ಶಶಿಕಾಂತ ಫೋನ್ ಮಾಡಿ, "ನನ್ನ ಕೆಲಸಕ್ಕೂ ಕಲ್ಲು ಹಾಕಿದ್ರಲ್ಲ ಮೇಡಂ" ಎಂದ. ಕಂಪನಿಯಿಂದ ವಕೀಲರ ನೋಟಿಸು ಬಂತು. ಮಾಂತೇಶ ಕ್ಯಾಮೆರಾ, ಲೈಟು, ಲ್ಯಾಪ್‌ಟಾಪ್ ಎಲ್ಲ ಹಾವೇರಿಗೆ ಒಯ್ದು ಮಾರಿ ಬಂದ. ಮತ್ತೆ ತೂಕದ ಕೆಲಸ ಕೇಳಲು ಅಡತಿ ಅಂಗಡಿಯ ಮುಂದೆ ನಾಲ್ಕು ದಿನ ನಿಂತ. ಐದನೇ ದಿನ ಕರೆದರು.

ನೀಲಾ ಪೇಟೆಗೆ ಮರಳಿದಳು. ಮೊದಲ ವಾರ ಹೆಂಗಸರು ಅವಳಿಂದ ಎರಡು ಮಾರು ದೂರ ಕುಳಿತರು. ಹೊಸ ಹುಡುಗಿಯೊಬ್ಬಳು, "ನೀವ ಅಲ್ಲೇನ್ರಿ ಅವ್ರು?" ಎಂದು ಕೇಳಿ ಕದ್ದು ಫೋಟೋ ತೆಗೆದಳು. ನೀಲಾ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು ಕಾಯಿ ಮುರಿದಳು. ರೂಢಿ ತಪ್ಪಿದ ಬೆರಳು ಎರಡು ದಿನ ಬೆಂಕಿಯಂತೆ ಉರಿದವು.

ಹಗಲು ಮರಿಯವ್ವನ ಬಳಿ ಜೈತೂನಬಿ ಇರುತ್ತಾಳೆ. ವಯಸ್ಸಾಯಿತೆಂದು ಪೇಟೆಗೆ ಹೋಗುವುದು ಬಿಟ್ಟು ಕಾಯಿಯ ಚೀಲವನ್ನು ಅಲ್ಲಿಗೇ ತರಿಸಿಕೊಳ್ಳುತ್ತಾಳೆ. ಈಗ ಮರಿಯವ್ವ ಸೊಸೆಯ ಕೈಯಿಂದ ರಾತ್ರಿಯ ಊಟ ತೆಗೆದುಕೊಳ್ಳುತ್ತಾಳೆ. ಮುಖ ನೋಡುವುದಿಲ್ಲ, ಆದರೆ ತುತ್ತು ದೂಡುವುದಿಲ್ಲ. ಕಾಯಿಯ ಮುಂದೆ ಕುಳಿತರೆ ಹಾಡುತ್ತಾಳಂತೆ. ಒಂದಲ್ಲ, ಈಗ ನಾಲ್ಕು ಹಾಡು ಬರುತ್ತವಂತೆ. ಹಾಡಿನ ಶಬ್ದ ಹಿಡಿದುಕೊಂಡು ಒಮ್ಮೊಮ್ಮೆ ನೀರು, ಕಾಯಿ ಎಂದು ಬಿಡಿಬಿಡಿಯಾಗಿಯೂ ಅನ್ನುತ್ತಾಳಂತೆ. ಇದನ್ನೆಲ್ಲ ನೀಲಾಗೆ ಹೇಳುವವಳು ಜೈತೂನಬಿ. ನೀಲಾಳ ಹೆಜ್ಜೆ ಕೇಳಿದರೆ ಮನೆಯಲ್ಲಿ ಸದ್ದಿರುವುದಿಲ್ಲ.

ಮೊನ್ನೆ ಸೋಮವಾರ ಕಾಯಿ ಕಡಿಮೆ ಬಂದು ಕೆಲಸ ಬೇಗ ಮುಗಿಯಿತು. ನಾಲ್ಕು ಗಂಟೆಗೇ ಓಣಿಗೆ ಬಂದ ನೀಲಾ ಮನೆಯ ಗೋಡೆಯ ಪಕ್ಕದಲ್ಲಿ ನಿಂತಳು. ಒಳಗೆ ಮರಿಯವ್ವ ಹಾಡುತ್ತಿದ್ದಳು. ಎದುರು ಮನೆಯಾಕೆ ಕಸ ಚೆಲ್ಲಲು ಹೊರಬಂದು, "ಯಾಕಬೇ, ಬಿಸಲಾಗ ನಿಂತಿ? ಒಳಗ ಹೋಗವಲ್ಲಿ?" ಎಂದಳು.

ನೀಲಾ ಬಾಯಿಯ ಮೇಲೆ ಬೆರಳಿಟ್ಟು, ಸುಮ್ಮನಿರುವಂತೆ ಕೈ ಮಾಡಿದಳು. ಹಾಡಿನ್ನೂ ಮೂರು ಸಾಲು ಉಳಿದಿತ್ತು.